ಚಿಕ್ಕ ಮನೆಗೆ ಹೋಗುವ ಮುನ್ನ ಅಟ್ಟ ಇಳಿಸಿ

ಮೈಸೂರಿನಲ್ಲಿ 40x60 ನಿವೇಶನದಲ್ಲಿ ಕಟ್ಟಿಸಿದ್ದ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಯಜಮಾನರ ನಿವೃತ್ತಿಯ ನಂತರ ನಾವು ಎರಡು ಕೋಣೆಯ ಫ್ಲ್ಯಾಟಿಗೆ ಬಂದೆವು. ಇಂಥ ಬದಲಾವಣೆ ಮಾಡಬೇಕೆಂದಿರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಸಾಮಾನು ಕಡಿಮೆ ಮಾಡುವ ಕೆಲಸವನ್ನು ಮನೆ ಬಿಡುವುದಕ್ಕೆ ಒಂದು ವರ್ಷ ಮುಂಚೆಯೇ, ಏಣಿ ಹತ್ತಿದವರಿಗೆ ಕೆಳಗೆ ನಿಂತು ಇದು ಬೇಕು, ಇದು ಬೇಡ ಎಂದು ನೀವೇ ಹೇಳುವಷ್ಟು ಶಕ್ತಿ ಇರುವಾಗಲೇ, ಅಟ್ಟದಿಂದ ಆರಂಭಿಸಿ. ಕಣ್ಣೆದುರಿಗಿರುವ ವಸ್ತುಗಳನ್ನು ದಿನವೂ ಬಳಸುತ್ತಿರುವುದರಿಂದ ಅವುಗಳ ಬಗ್ಗೆ ತೀರ್ಮಾನ ಕಷ್ಟ. ಹತ್ತು ವರ್ಷದಿಂದ ಕೆಳಗಿಳಿಯದ ವಸ್ತುವಿನ ಬಗ್ಗೆ ಮನಸ್ಸು ಬೇಗ ಒಪ್ಪುತ್ತದೆ.

ನಮ್ಮ ಅಟ್ಟದಿಂದ ಎರಡು ಹಂಡೆ, ಮದುವೆ ಮುಂಜಿಗಳಿಗೆಂದು ಇಟ್ಟಿದ್ದ ಕೊಳದಪ್ಪಲೆಗಳು, ಅತ್ತೆಯವರ ಕಾಲದ ಚೊಂಬುಗಳು ಇಳಿದವು. ಇವನ್ನು ಅಂಗಡಿಗೆ ಕೊಡುವ ಮುನ್ನ ತಾಮ್ರ, ಹಿತ್ತಾಳೆ, ಕಂಚು ಎಂದು ಬೇರ್ಪಡಿಸಿ ಮನೆಯಲ್ಲೇ ತೂಗಿ ಬರೆದಿಟ್ಟುಕೊಳ್ಳಿ. ಒಳಗೆ ಕಲಾಯಿ, ಹೊರಗೆ ಮಸಿ ಇರುವ ಪಾತ್ರೆ ಯಾವ ಲೋಹದ್ದೆಂದು ನೋಡಿದ ತಕ್ಷಣ ತಿಳಿಯುವುದಿಲ್ಲ. ತಳದಲ್ಲಿ ಒಂದಂಗುಲ ಜಾಗವನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಕೆಂಪೋ ಹಳದಿಯೋ ಕಾಣುತ್ತದೆ. ತಾಮ್ರದ ಬೆಲೆ ಹಿತ್ತಾಳೆಗಿಂತ ಹೆಚ್ಚು, ಒಟ್ಟಿಗೆ ತೂಗಿಸಿದರೆ ನಷ್ಟ ನಮಗೇ.

ನಾವು ಮಾಡಿದ ದೊಡ್ಡ ತಪ್ಪು ಅಳತೆಯದು. ಎಂಟು ಜನ ಕೂರುವ ತೇಗದ ಊಟದ ಮೇಜನ್ನು ಬಿಡಲಾರದೆ ತಂದೆವು. ಅದು ಲಿಫ್ಟಿನಲ್ಲಿ ಹಿಡಿಯದೆ ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತು ತಂದರು, ಒಳಗಿಟ್ಟ ಮೇಲೆ ಬಾಲ್ಕನಿಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಎರಡು ತಿಂಗಳಾದ ಮೇಲೆ ಅದನ್ನು ತಂಗಿಯ ಮನೆಗೆ ಸಾಗಿಸಿದೆವು. ಆದ್ದರಿಂದ ಮಂಚ, ಬೀರು, ಮೇಜುಗಳ ಉದ್ದಗಲಕ್ಕೆ ಹಳೆಯ ಪತ್ರಿಕೆ ಕತ್ತರಿಸಿ, ಹೊಸ ಮನೆಯ ನೆಲದ ಮೇಲೆ ಹಾಸಿ, ನಡುವೆ ನಡೆದು ನೋಡಿ. ಫ್ಲ್ಯಾಟಿನ ಅಳತೆ ಕೇಳುವಾಗಲೂ ಎಚ್ಚರವಿರಲಿ: ಸೂಪರ್ ಬಿಲ್ಟ್ ಅಪ್ ಲೆಕ್ಕದ 1,200 ಚದರ ಅಡಿಯಲ್ಲಿ ಮೆಟ್ಟಿಲು, ಲಿಫ್ಟು, ಓಣಿಯ ಪಾಲೂ ಸೇರಿರುತ್ತದೆ. ನಿಮ್ಮ ಸಾಮಾನು ಕೂರಬೇಕಾದದ್ದು ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ನೆಲದಲ್ಲಿ, ಅದನ್ನೇ ಕೇಳಿ.

ನನಗೆ ಎಲ್ಲಕ್ಕಿಂತ ಕಠಿಣವಾದದ್ದು ದಸರಾ ಗೊಂಬೆಗಳು. ಒಂಬತ್ತು ಮೆಟ್ಟಿಲು ತುಂಬುವಷ್ಟು ಗೊಂಬೆಗಳಿದ್ದವು, ಹೊಸ ಮನೆಯಲ್ಲಿ ಮೂರು ಮೆಟ್ಟಿಲಿಗೆ ಮಾತ್ರ ಜಾಗ. ಆ ವರ್ಷ ಕೊನೆಯ ಬಾರಿಗೆ ಎಲ್ಲವನ್ನೂ ಕೂರಿಸಿ, ಆರತಿಗೆ ಬಂದ ನೆಂಟರ ಹೆಣ್ಣುಮಕ್ಕಳಿಗೂ ನೆರೆಯ ಮಕ್ಕಳಿಗೂ ಇಷ್ಟವಾದ ಗೊಂಬೆ ಯಾವುದೆಂದು ಕೇಳಿ, ಹಬ್ಬ ಮುಗಿದ ಮೇಲೆ ತಾಂಬೂಲದೊಡನೆ ಅದನ್ನೇ ಕೊಟ್ಟೆ. ಶೆಟ್ಟಿ ದಂಪತಿಯ ಗೊಂಬೆ ಎದುರುಮನೆಯ ಹುಡುಗಿಗೆ ಹೋಯಿತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡೆ. ಕೊಡುವುದಿದ್ದರೆ ಹೀಗೆ, ಕೇಳಿ, ಕೈಯಾರೆ ಕೊಡಿ. ಬೇಡದವರ ಮನೆಗೆ ಹೊರಿಸಬೇಡಿ. ದೇವರ ಹಳೆಯ ಪಟಗಳನ್ನು ಅರಳಿಕಟ್ಟೆಯ ಮೇಲೆ ಇಟ್ಟು ಬರುವುದಂತೂ ಬೇಡವೇ ಬೇಡ. ಗಾಜು, ಚೌಕಟ್ಟು ಬಿಚ್ಚಿ ಬೇರೆ ಮಾಡಿ, ಚಿತ್ರವನ್ನಷ್ಟೇ ಬಕೆಟ್ಟಿನ ನೀರಿನಲ್ಲಿ ಕರಗಿಸಿ ಗಿಡದ ಬುಡಕ್ಕೆ ಸುರಿಯಬಹುದು.

ಹಣದ ವಿಷಯದಲ್ಲಿ ಒಂದು ಮಾತು. ಹಳೆಯ ಮನೆ ಮಾರಿದಾಗ ಬಂದ ಲಾಭಕ್ಕೆ ತೆರಿಗೆಯಿದೆ; ಮಾರುವುದಕ್ಕೆ 1 ವರ್ಷ ಮೊದಲು ಅಥವಾ ಮಾರಿದ 2 ವರ್ಷಗಳೊಳಗೆ ಬೇರೆ ಮನೆ ಕೊಂಡರೆ, ಅದಕ್ಕೆ ಹಾಕಿದ ಮೊತ್ತದ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ಚಿಕ್ಕ ಮನೆಯ ಬೆಲೆ ಲಾಭಕ್ಕಿಂತ ಕಡಿಮೆಯಾದರೆ ಉಳಿದ ಭಾಗಕ್ಕೆ ತೆರಿಗೆ ಬೀಳುವುದರಿಂದ, ಮುಂಗಡ ತೆಗೆದುಕೊಳ್ಳುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಪಿಂಚಣಿ ಆದೇಶ, ಇವು ಯಾವುವೂ ಲಾರಿಗೆ ಹೋಗಬಾರದು, ಕೈಚೀಲದಲ್ಲಿ ನಿಮ್ಮ ಜೊತೆಗೇ ಬರಲಿ.

ಹೊಸ ಮನೆಯಲ್ಲಿ ಬಣ್ಣಕ್ಕಿಂತ ಮೊದಲು ಬಚ್ಚಲುಮನೆಯನ್ನು ನೋಡಿ. ಜಾರದ ನೆಲ, ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ, ಒಳಗೆ ಬಿದ್ದವರನ್ನು ಎತ್ತಲು ಅನುಕೂಲವಾಗುವಂತೆ ಹೊರಕ್ಕೆ ತೆರೆಯುವ ಬಾಗಿಲು, ಇವಿಷ್ಟನ್ನು ಸಾಮಾನು ಬರುವ ಮೊದಲೇ ಮಾಡಿಸಿ. ಹಳೆಯ ಹಿತ್ತಿಲಿನ ಕರಿಬೇವಿನ ಮರವನ್ನು ತರಲಾಗುವುದಿಲ್ಲ, ಆದರೆ ಅದರ ಬೇರಿನಿಂದ ಪಕ್ಕದಲ್ಲಿ ಎದ್ದ ಮರಿಗಿಡವನ್ನು ಮಳೆಗಾಲದಲ್ಲಿ ಮಣ್ಣುಸಮೇತ ತೆಗೆದು ಕುಂಡದಲ್ಲಿ ನೆಟ್ಟರೆ, ಮನೆ ಬಿಡುವ ಹೊತ್ತಿಗೆ ಅದು ಚೆನ್ನಾಗಿ ಬೇರೂರಿರುತ್ತದೆ. ನಮ್ಮ ಬಾಲ್ಕನಿಯಲ್ಲಿ ಈಗ ಅದು ನನ್ನ ಭುಜದೆತ್ತರಕ್ಕೆ ಬೆಳೆದಿದೆ, ಇಬ್ಬರ ಸಾರಿನ ಒಗ್ಗರಣೆಗೆ ಸಾಕು.