ಹುಲ್ಲುಗಾವಲಿನ ಕೌಂಟಿಯೊಂದನ್ನು ಅಧ್ಯಯನ ಮಾಡುವ ಬಗೆ: ಕ್ಯಾನ್ಸಸ್‌ನ ಚೇಸ್ ಕೌಂಟಿಯ ನಿದರ್ಶನದೊಂದಿಗೆ

ಅಮೆರಿಕದ ನಡುನಾಡಿನ ಪ್ರೈರಿ ಎಂಬ ಹುಲ್ಲುಗಾವಲು ಪ್ರದೇಶದಲ್ಲಿರುವ ಯಾವುದಾದರೂ ಗ್ರಾಮೀಣ ಕೌಂಟಿಯ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗದ) ಬಗ್ಗೆ ವಿಶ್ವಕೋಶದ ಲೇಖನವನ್ನೋ ಕಾಲೇಜಿನ ಪ್ರಬಂಧವನ್ನೋ ಬರೆಯಲು ಕುಳಿತವರು ಸಾಮಾನ್ಯವಾಗಿ ಸ್ಥಾಪನೆಯ ವರ್ಷ, ವಿಸ್ತೀರ್ಣ, ಇತ್ತೀಚಿನ ಜನಸಂಖ್ಯೆ ಎಂಬ ಮೂರು ಅಂಕಿಗಳಿಂದ ಆರಂಭಿಸುತ್ತಾರೆ. ಈ ಮೂರೂ ಸರಿಯಾಗಿದ್ದರೂ ಅವುಗಳ ನಡುವಿನ ನಂಟು ಓದುಗನಿಗೆ ತಿಳಿಯುವುದಿಲ್ಲ. ನೆಲದಡಿಯ ಕಲ್ಲು ಅಲ್ಲಿ ಏನು ಬೆಳೆಯಬೇಕೆಂಬುದನ್ನು ನಿರ್ಧರಿಸುತ್ತದೆ, ಬೆಳೆಯುವುದು ಜೀವನೋಪಾಯವನ್ನೂ ಜೀವನೋಪಾಯವು ಎಷ್ಟು ಜನ ಅಲ್ಲಿ ಉಳಿಯಬಹುದೆಂಬುದನ್ನೂ ನಿರ್ಧರಿಸುತ್ತವೆ. ಆದ್ದರಿಂದ ಅಧ್ಯಯನವನ್ನು ಇದೇ ಕ್ರಮದಲ್ಲಿ ನಡೆಸುವುದು ಲೇಸು. ಕ್ಯಾನ್ಸಸ್ ರಾಜ್ಯದ 105 ಕೌಂಟಿಗಳಲ್ಲಿ ಒಂದಾದ ಚೇಸ್ ಕೌಂಟಿಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ಮೂಲ ಹುಲ್ಲುಗಾವಲು ಇಂದಿಗೂ ಅಲ್ಲಿ ಬಹುಮಟ್ಟಿಗೆ ಉಳಿದಿರುವುದರಿಂದ ಈ ವಿಧಾನ ಅಲ್ಲಿ ಚೆನ್ನಾಗಿ ಫಲಿಸುತ್ತದೆ.

ಮೊದಲು ಸರ್ವೇ ನಕ್ಷೆಯನ್ನು ಓದಲು ಕಲಿಯಿರಿ. ಪ್ರೈರಿ ಕೌಂಟಿಗಳ ಗಡಿಗಳು ಬಹುಪಾಲು ನೇರ ಗೆರೆಗಳಾಗಿರುವುದಕ್ಕೆ 1785ರ ಭೂ ಕಾಯಿದೆಯಿಂದ ಆರಂಭವಾದ ಚೌಕಾಕಾರದ ಮೋಜಣಿ ಪದ್ಧತಿ ಕಾರಣ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್‌ಗಳು. ಪ್ರತಿ ಸೆಕ್ಷನ್‌ಗೆ 640 ಎಕರೆ. ಅದರ ಕಾಲುಭಾಗವಾದ 160 ಎಕರೆಯೇ ಹಲವು ಹಿಡುವಳಿಗಳ ಮೂಲ ಅಳತೆ. ಕ್ಯಾನ್ಸಸ್‌ನಲ್ಲಿ ಎಣಿಕೆ ರಾಜ್ಯದ ಉತ್ತರ ಗಡಿಯಾದ 40 ಡಿಗ್ರಿ ಅಕ್ಷಾಂಶದಿಂದ ದಕ್ಷಿಣಕ್ಕೂ, ಮೋಜಣಿಗೆಂದು ಗೊತ್ತುಮಾಡಿದ ಆರನೆಯ ಪ್ರಧಾನ ರೇಖಾಂಶದಿಂದ ಪೂರ್ವ ಮತ್ತು ಪಶ್ಚಿಮಕ್ಕೂ ಸಾಗುತ್ತದೆ. ಚೇಸ್ ಕೌಂಟಿಯ ಆಡಳಿತ ಕೇಂದ್ರವಾದ ಕಾಟನ್‌ವುಡ್ ಫಾಲ್ಸ್ ಇರುವುದು 19ನೆಯ ದಕ್ಷಿಣ ಟೌನ್‌ಶಿಪ್‌ನ 8ನೆಯ ಪೂರ್ವ ರೇಂಜ್‌ನಲ್ಲಿ. ಅಂದರೆ ಉತ್ತರ ಗಡಿಯಿಂದ ದಕ್ಷಿಣಕ್ಕೆ 19ನೆಯ, ಆ ರೇಖಾಂಶದಿಂದ ಪೂರ್ವಕ್ಕೆ 8ನೆಯ ಚೌಕದಲ್ಲಿ. ಭೂದಾಖಲೆ, ಕ್ರಯಪತ್ರ, ಹಳೆಯ ಹಿಡುವಳಿ ನಕ್ಷೆಗಳೆಲ್ಲ ಇದೇ ವಿಳಾಸದಲ್ಲಿ ಮಾತನಾಡುವುದರಿಂದ ಇದನ್ನು ಕಲಿಯದೆ ಮುಂದೆ ಹೋದರೆ ಎರಡು ದಾಖಲೆಗಳು ಒಂದೇ ಜಮೀನಿನವೇ ಅಲ್ಲವೇ ಎಂಬುದೂ ಗೊತ್ತಾಗುವುದಿಲ್ಲ.

ಆ ಚೌಕಗಳ ಮೇಲೆ ಈಗ ಹಳ್ಳಕೊಳ್ಳಗಳನ್ನೂ ಭೂವಿಜ್ಞಾನ ನಕ್ಷೆಯನ್ನೂ ಹೊಂದಿಸಿ ನೋಡಬೇಕು. ಚೇಸ್ ಕೌಂಟಿ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಸಾಲಿನ ನಡುವೆ ಇದೆ. ಸುಮಾರು 28 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದಕಲ್ಲು ಮತ್ತು ಜೇಡಿಪದರಗಳು ಒಂದರ ಮೇಲೊಂದು ಕುಳಿತವು. ಸುಣ್ಣದಕಲ್ಲಿನ ಕೆಲವು ಪದರಗಳಲ್ಲಿ ಚಕಮಕಿ ಕಲ್ಲಿನ ಗಂಟುಗಳು ತುಂಬಿಕೊಂಡಿವೆ. ಸುಣ್ಣದಕಲ್ಲು ಸವೆದರೂ ಚಕಮಕಿ ಸವೆಯದೆ ಮೇಲ್ಮಣ್ಣಿನಲ್ಲಿ ಉಳಿಯುವುದರಿಂದ ಎತ್ತರದ ನೆಲದಲ್ಲಿ ಮಣ್ಣು ತೆಳುವಾಗಿಯೂ ಕಲ್ಲುಮಯವಾಗಿಯೂ ಇದೆ, ಅಲ್ಲಿ ನೇಗಿಲು ಹೂಡಲಾಗಲಿಲ್ಲ. ಕಾಟನ್‌ವುಡ್ ನದಿ ಮತ್ತು ಅದರ ಉಪನದಿಗಳ ಬಯಲಿನಲ್ಲಿ ಮಾತ್ರ ಆಳವಾದ ಮೆಕ್ಕಲುಮಣ್ಣು ದೊರೆಯುತ್ತದೆ. ಹೀಗೆ ಒಂದೇ ಕೌಂಟಿಯೊಳಗೆ ಎರಡು ಬಗೆಯ ನೆಲವಿದೆ: ಕೆಳಗೆ ಉಳುವ ಹೊಲ, ಮೇಲೆ ಮೇಯುವ ಹುಲ್ಲು. ಯಾವ ಪ್ರೈರಿ ಕೌಂಟಿಯನ್ನು ಆರಿಸಿಕೊಂಡರೂ ಅದರಲ್ಲಿ ಉಳಬಹುದಾದ ನೆಲ ಎಷ್ಟು, ಉಳಲಾಗದ ನೆಲ ಎಷ್ಟು ಎಂಬುದನ್ನು ಗುರುತಿಸಿಕೊಂಡ ಮೇಲೆಯೇ ಉಳಿದ ಮಾತು.

ಹುಲ್ಲಿನ ವಿಷಯದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಮಳೆ ಕಡಿಮೆಯಾದ್ದರಿಂದ ಪ್ರೈರಿಯಲ್ಲಿ ಮರಗಳಿಲ್ಲ ಎಂಬ ವಿವರಣೆ ಪಶ್ಚಿಮದ ಒಣ ಬಯಲುಗಳಿಗೆ ಒಪ್ಪಬಹುದು, ಚೇಸ್ ಕೌಂಟಿಗೆ ಒಪ್ಪುವುದಿಲ್ಲ. ಅಲ್ಲಿ ವರ್ಷಕ್ಕೆ 800ರಿಂದ 900 ಮಿಲಿಮೀಟರ್ ಮಳೆ ಬೀಳುತ್ತದೆ, ಮರ ಬೆಳೆಯಲು ಅಷ್ಟು ಸಾಕು. ಮರಗಳನ್ನು ತಡೆದದ್ದು ಬೆಂಕಿ. ಸಿಡಿಲಿನಿಂದ ಹೊತ್ತಿದ್ದರ ಜೊತೆಗೆ ಮೂಲನಿವಾಸಿಗಳು ಬೇಟೆಗಾಗಿ ಹಚ್ಚುತ್ತಿದ್ದ ಬೆಂಕಿಯೂ ಸೇರಿ ಪೊದೆಗಳನ್ನು ಸುಡುತ್ತಿತ್ತು. ಬೇರು ಆಳಕ್ಕಿಳಿದ ಹುಲ್ಲುಗಳು ಮಾತ್ರ ಮತ್ತೆ ಚಿಗುರುತ್ತಿದ್ದವು. ಬಿಗ್ ಬ್ಲೂಸ್ಟೆಮ್, ಲಿಟಲ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್‌ಗ್ರಾಸ್ ಎಂಬ ನಾಲ್ಕು ಅಲ್ಲಿನ ಮುಖ್ಯ ಹುಲ್ಲುಗಳು. ದನಗಾಹಿ ರ‍್ಯಾಂಚಿನವರು ಇಂದಿಗೂ ವಸಂತದಲ್ಲಿ ಗುಡ್ಡಗಳಿಗೆ ಬೆಂಕಿ ಕೊಡುತ್ತಾರೆ, ಆ ಹೊಗೆಯ ಬಗ್ಗೆ ದೂರದ ನಗರಗಳವರು ದೂರುತ್ತಾರೆ. ಒಂದು ಕಾಲದಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 17 ಕೋಟಿ ಎಕರೆ ಹರಡಿದ್ದ ಎತ್ತರದ ಹುಲ್ಲಿನ ಪ್ರೈರಿಯಲ್ಲಿ ಈಗ ಉಳಿದಿರುವುದು ಶೇಕಡಾ 4ಕ್ಕಿಂತ ಕಡಿಮೆ, ಅದರಲ್ಲಿ ಹೆಚ್ಚಿನ ಪಾಲು ಫ್ಲಿಂಟ್ ಹಿಲ್ಸ್‌ನಲ್ಲಿದೆ. ಸಂರಕ್ಷಣೆಯ ಕಾಳಜಿಗಿಂತ ಬಹಳ ಮೊದಲೇ ಚಕಮಕಿ ಕಲ್ಲು ಅದನ್ನು ಉಳಿಸಿತ್ತು.

ಚರಿತ್ರೆಗೆ ಬಂದಾಗ ಮೊದಲ ಎಚ್ಚರಿಕೆ ಆರಂಭದ ದಿನಾಂಕದ ಕುರಿತದ್ದು. ಕ್ಯಾನ್ಸಸ್-ನೆಬ್ರಾಸ್ಕಾ ಕಾಯಿದೆ ಜಾರಿಗೆ ಬಂದು ಈ ನೆಲ ವಲಸಿಗರ ವಸತಿಗೆ ತೆರೆದುಕೊಂಡ 1854ರಿಂದ ಕಥೆ ಆರಂಭಿಸುವುದು ಹಳೆಯ ಸ್ಥಳೀಯ ಇತಿಹಾಸಕಾರರ ವಾಡಿಕೆ. ಅದನ್ನು ಹಾಗೆಯೇ ಅನುಸರಿಸಬೇಡಿ. ರಾಜ್ಯಕ್ಕೆ ಹೆಸರು ಕೊಟ್ಟ ಕಾನ್ಸಾ ಜನ, ಕಾ ಎಂದೂ ಕರೆಯಲ್ಪಡುವವರು, 1825ರ ಒಪ್ಪಂದದಲ್ಲಿ ವಿಶಾಲವಾದ ಭೂಭಾಗವನ್ನು ಬಿಟ್ಟುಕೊಡಬೇಕಾಯಿತು. 1846ರ ಒಪ್ಪಂದದ ನಂತರ ಅವರನ್ನು ಚೇಸ್ ಕೌಂಟಿಯ ಉತ್ತರಕ್ಕಿರುವ ಕೌನ್ಸಿಲ್ ಗ್ರೋವ್ ಸುತ್ತಲಿನ ಮೀಸಲು ನೆಲಕ್ಕೆ ಸರಿಸಲಾಯಿತು, 1859ರಲ್ಲಿ ಆ ಮೀಸಲನ್ನೂ ಕಿರಿದುಗೊಳಿಸಲಾಯಿತು, 1873ರಲ್ಲಿ ಇಂದಿನ ಒಕ್ಲಹೋಮಾಕ್ಕೆ ಕಳುಹಿಸಲಾಯಿತು. ಚೇಸ್ ಕೌಂಟಿ ರಚನೆಯಾದದ್ದೂ 1859ರಲ್ಲೇ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದರ ಆರಂಭ ಇನ್ನೊಂದರ ಅಂತ್ಯದೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದು ವಿವರಿಸದೆಯೇ ಗೊತ್ತಾಗುತ್ತದೆ.

ಕೌಂಟಿಯ ಹೆಸರನ್ನು ವಿಚಾರಿಸುವುದರಿಂದಲೂ ಕಾಲದ ರಾಜಕೀಯ ತಿಳಿಯುತ್ತದೆ. ಆಗ ಒಹಾಯೊ ರಾಜ್ಯದ ಗವರ್ನರ್ ಆಗಿದ್ದ ಸಾಲ್ಮನ್ ಪಿ. ಚೇಸ್ ಗುಲಾಮಗಿರಿಯ ಕಟ್ಟಾ ವಿರೋಧಿ. ಮುಂದೆ ಲಿಂಕನ್ ಸಂಪುಟದಲ್ಲಿ ಖಜಾನೆಯ ಹೊಣೆ ಹೊತ್ತು, ಬಳಿಕ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು. ಗುಲಾಮಗಿರಿ ಬೇಕೋ ಬೇಡವೋ ಎಂದು ರಕ್ತ ಹರಿಸಿದ್ದ ಪ್ರಾಂತ್ಯವೊಂದು ತನ್ನ ಕೌಂಟಿಗೆ ಅವರ ಹೆಸರಿಟ್ಟಿತೆಂದರೆ ಯಾವ ಪಕ್ಷ ಮೇಲುಗೈ ಪಡೆದಿತ್ತು ಎಂಬುದು ಸ್ಪಷ್ಟ. ಕ್ಯಾನ್ಸಸ್ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ್ದು 1861ರ ಜನವರಿ 29ರಂದು.

ಸರ್ಕಾರವೇ ಹೊರತಂದ ಜಿಲ್ಲಾ ಗೆಜೆಟಿಯರ್‌ಗಳನ್ನು ಓದಿ ರೂಢಿಯಿರುವ ನಮ್ಮವರು ಅಲ್ಲಿಯೂ ಅಂತಹದ್ದನ್ನು ಹುಡುಕುವುದು ಸಹಜ. ಅಲ್ಲಿ ಆ ಸ್ಥಾನದಲ್ಲಿರುವುದು 1880ರ ದಶಕದ ಸುಮಾರಿಗೆ ಖಾಸಗಿ ಪ್ರಕಾಶಕರು ಚಂದಾದಾರರಿಂದ ಹಣ ಪಡೆದು ಅಚ್ಚು ಮಾಡಿದ ಕೌಂಟಿ ಇತಿಹಾಸಗಳು. ಹಣ ಕೊಟ್ಟವರ ಜೀವನಚರಿತ್ರೆಗಳು ಅವುಗಳಲ್ಲಿ ವಿಸ್ತಾರವಾಗಿರುತ್ತವೆ, ಕೂಲಿಯವರೂ ಗೇಣಿದಾರರೂ ಕಾಣಸಿಗುವುದಿಲ್ಲ. ಊರುಗಳ, ಅಂಚೆಕಚೇರಿಗಳ ದಿನಾಂಕಗಳಿಗೆ ಅವು ಉಪಯುಕ್ತ, ಅಭಿಪ್ರಾಯಗಳಿಗಲ್ಲ. ಅವುಗಳನ್ನು ಭೂದಾಖಲೆಗಳೊಡನೆ ತಾಳೆ ನೋಡಬೇಕು. ಸರ್ಕಾರದಿಂದ ಮೊದಲ ಬಾರಿ ಜಮೀನು ಪಡೆದವರ ಹಕ್ಕುಪತ್ರಗಳು ಈಗ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಭೂ ನಿರ್ವಹಣಾ ಇಲಾಖೆಯ ಬಳಿ ಇದ್ದು ಯಾರು ಬೇಕಾದರೂ ನೋಡಬಹುದಾಗಿದೆ. ಆ ನಂತರದ ಮಾರಾಟ, ಅಡಮಾನಗಳು ಕೌಂಟಿಯ ನೋಂದಣಿ ಕಚೇರಿಯಲ್ಲಿರುತ್ತವೆ. 1862ರ ಹೋಮ್‌ಸ್ಟೆಡ್ ಕಾಯಿದೆಯಡಿ ಐದು ವರ್ಷ ನೆಲೆಸಿ 160 ಎಕರೆ ಪಡೆದವರ ಕಥೆ ಜನಪ್ರಿಯವಾದರೂ, ಹಣ ತೆತ್ತು ಕೊಂಡವರು, ಸೈನಿಕರಿಗೆ ಸಿಕ್ಕ ಭೂಪತ್ರಗಳನ್ನು ಖರೀದಿಸಿ ಜಮೀನು ಮಾಡಿದವರು, ರೈಲ್ವೆಗೆ ದಾನವಾಗಿ ಹೋದ ನೆಲವನ್ನು ಪಡೆದವರು ಕೂಡ ಇದ್ದರು. ಹಕ್ಕುಪತ್ರದಲ್ಲಿ ಯಾವ ಕಾಯಿದೆಯ ಹೆಸರಿದೆ ಎಂದು ನೋಡಿಯೇ ಬರೆಯಿರಿ.

ದಾಖಲೆಗಳಷ್ಟೇ ಮುಖ್ಯವಾದ ಸಾಕ್ಷ್ಯ ಕಲ್ಲಿನ ಕಟ್ಟಡಗಳದ್ದು. ಕಾಟನ್‌ವುಡ್ ಫಾಲ್ಸ್‌ನ ಕೋರ್ಟ್‌ಹೌಸ್ 1873ರಲ್ಲಿ ವಾಸ್ತುಶಿಲ್ಪಿ ಜಾನ್ ಜಿ. ಹಾಸ್ಕೆಲ್ ಅವರ ವಿನ್ಯಾಸದಂತೆ ಸ್ಥಳೀಯ ಸುಣ್ಣದಕಲ್ಲಿನಲ್ಲಿ ನಿರ್ಮಾಣವಾಯಿತು. ಕ್ಯಾನ್ಸಸ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ಕೋರ್ಟ್‌ಹೌಸ್‌ಗಳಲ್ಲಿ ಅತ್ಯಂತ ಹಳೆಯದು ಅದೇ. 1870ರಲ್ಲಿ ಇಡೀ ಕೌಂಟಿಯಲ್ಲಿ ಇದ್ದದ್ದು 1,975 ಜನ ಎಂಬುದನ್ನು ಗಮನಿಸಿದರೆ, ಆ ಕಟ್ಟಡ ಇದ್ದ ಜನಕ್ಕಾಗಿ ಅಲ್ಲ, ಬರಲಿರುವ ಜನಕ್ಕಾಗಿ ಕಟ್ಟಿದ್ದೆಂದು ತಿಳಿಯುತ್ತದೆ. ಆ ಭರವಸೆಗೆ ಕಾರಣ ರೈಲು. 1871ರಲ್ಲಿ ಸಾಂತಾ ಫೆ ರೈಲುಮಾರ್ಗ ಬಂದಾಗ ಅದು ಆಡಳಿತ ಕೇಂದ್ರವನ್ನು ಮುಟ್ಟದೆ ಸುಮಾರು ಎರಡು ಮೈಲಿ ಉತ್ತರದಲ್ಲಿ ಹಾದುಹೋಯಿತು. ಅಲ್ಲಿ ಬೆಳೆದ ಊರು ಮುಂದೆ ಆ ಕಂಪನಿಯ ಅಧ್ಯಕ್ಷ ವಿಲಿಯಂ ಬಾರ್ಸ್ಟೊ ಸ್ಟ್ರಾಂಗ್ ಅವರ ಹೆಸರಿನಿಂದ ಸ್ಟ್ರಾಂಗ್ ಸಿಟಿಯಾಯಿತು. ಇಷ್ಟು ಸಣ್ಣ ಕೌಂಟಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಊರುಗಳೇಕೆ ಎಂಬ ಪ್ರಶ್ನೆಗೆ ಉತ್ತರ ಇದು. ರೈಲು ಟೆಕ್ಸಾಸ್‌ನ ದನಗಳನ್ನು ಬೇಸಿಗೆಯ ಮೇವಿಗಾಗಿ ತಂದಿಳಿಸಿತು. ಕೊಬ್ಬಿದ ದನಗಳನ್ನು ಮಾರುಕಟ್ಟೆಗೆ ಒಯ್ದಿತು. ಸ್ಟ್ರಾಂಗ್ ಸಿಟಿಯ ಉತ್ತರಕ್ಕೆ ಸ್ಟೀಫನ್ ಜೋನ್ಸ್ ಎಂಬ ರ‍್ಯಾಂಚಿನ ಒಡೆಯ 1881ರ ಸುಮಾರಿಗೆ ಕಟ್ಟಿಸಿದ ಕಲ್ಲಿನ ಮನೆಯೂ ಕೊಟ್ಟಿಗೆಯೂ ಆ ದನದ ವ್ಯಾಪಾರ ತಂದ ಸಂಪತ್ತಿನ ಗುರುತು.

ಆ ರ‍್ಯಾಂಚೇ ಈಗ ಟಾಲ್‌ಗ್ರಾಸ್ ಪ್ರೈರಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶ. 1996ರ ನವೆಂಬರ್ 12ರಂದು ಸ್ಥಾಪನೆಯಾದ ಇದರ ವಿಸ್ತೀರ್ಣ 10,894 ಎಕರೆ, ಆದರೆ ಫೆಡರಲ್ ಸರ್ಕಾರ 180 ಎಕರೆಗಿಂತ ಹೆಚ್ಚು ನೆಲದ ಒಡೆತನ ಹೊಂದಬಾರದೆಂದು ಕಾಯಿದೆಯೇ ಹೇಳುತ್ತದೆ. ಉಳಿದ ಬಹುಪಾಲು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯದು. ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಎಂಬ ಸ್ಥಳೀಯರ ದಶಕಗಳ ವಿರೋಧದಿಂದ ಹುಟ್ಟಿದ ರಾಜಿ ಅದು. 2009ರಲ್ಲಿ ಅಲ್ಲಿಗೆ ಅಮೆರಿಕದ ಕಾಡುದನಗಳಾದ ಬೈಸನ್‌ಗಳನ್ನು ಮರಳಿ ತರಲಾಯಿತು. ಹೊರಜಗತ್ತಿಗೆ ಈ ಕೌಂಟಿ ಗೊತ್ತಿರುವುದು 1931ರ ಮಾರ್ಚ್ 31ರಂದು ಬಜಾರ್ ಎಂಬ ಹಳ್ಳಿಯ ಬಳಿ ನಡೆದ ವಿಮಾನ ಅಪಘಾತದಿಂದ; ಫುಟ್‌ಬಾಲ್ ತರಬೇತುದಾರ ಕ್ನೂಟ್ ರಾಕ್ನಿ ಸೇರಿ ಎಂಟು ಜನ ಅದರಲ್ಲಿ ಸತ್ತರು. ಅದಕ್ಕೆ ಒಂದು ವಾಕ್ಯ ಸಾಕು. ವಿಮಾನಯಾನದ ಚರಿತ್ರೆಗೆ ಅದು ದೊಡ್ಡ ಘಟನೆ, ಕೌಂಟಿಯ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಜನಗಣತಿಯ ಅಂಕಿಗಳನ್ನು ತೆರೆಯಿರಿ. ಹತ್ತು ವರ್ಷಕ್ಕೊಮ್ಮೆಯ ಫೆಡರಲ್ ಗಣತಿಯ ಸಂಖ್ಯೆಗಳನ್ನು ಸಾಲಾಗಿ ಬರೆದುಕೊಂಡು ಪ್ರತಿ ದಶಕದ ವ್ಯತ್ಯಾಸವನ್ನು ಕೈಯಾರೆ ಲೆಕ್ಕಹಾಕುವುದು ಒಳ್ಳೆಯ ಅಭ್ಯಾಸ. ಚೇಸ್ ಕೌಂಟಿಯಲ್ಲಿ 1870ರ 1,975 ಜನ 1880ರ ವೇಳೆಗೆ 6,081 ಆದರು. 1890ರಲ್ಲಿ 8,233, 1900ರಲ್ಲಿ 8,246. ಅಲ್ಲಿಗೆ ಏರಿಕೆ ನಿಂತಿತು. 1930ರಲ್ಲಿ 6,952, 1940ರಲ್ಲಿ 6,345, 1950ರಲ್ಲಿ 4,831, 1960ರಲ್ಲಿ 3,921, 2000ದಲ್ಲಿ 3,030, 2020ರಲ್ಲಿ 2,572. ಅತಿ ಹೆಚ್ಚಿದ್ದ ಕಾಲಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ವ್ಯತ್ಯಾಸ ಲೆಕ್ಕ ಹಾಕಿದಾಗಲೇ ಒಂದು ಜನಪ್ರಿಯ ನಂಬಿಕೆ ಸಡಿಲಗೊಳ್ಳುತ್ತದೆ. ಪ್ರೈರಿಯ ಹಳ್ಳಿಗಳು ಖಾಲಿಯಾದದ್ದು 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗಳಿಂದ ಎಂದು ಎಲ್ಲರೂ ಹೇಳುತ್ತಾರೆ. ಚೇಸ್ ಕೌಂಟಿ ಆ ದಶಕದಲ್ಲಿ ಕಳೆದುಕೊಂಡದ್ದು 607 ಜನರನ್ನು. ಮಳೆ ಮರಳಿದ, ಬೆಲೆಗಳು ಚೇತರಿಸಿದ 1940ರ ದಶಕದಲ್ಲಿ ಕಳೆದುಕೊಂಡದ್ದು 1,514 ಜನರನ್ನು, ಅಂದರೆ ನಾಲ್ಕರಲ್ಲಿ ಒಂದು ಪಾಲಿನಷ್ಟು. ಕಷ್ಟಕಾಲದಲ್ಲಿ ಹೋಗಲು ಬೇರೆಡೆ ಕೆಲಸವೇ ಇರಲಿಲ್ಲ. ಯುದ್ಧ ಬಂದು ವಿಚಿಟಾದಂತಹ ನಗರಗಳ ವಿಮಾನ ಕಾರ್ಖಾನೆಗಳು ಕೂಲಿ ಕೊಡತೊಡಗಿದಾಗ, ಮತ್ತು ಟ್ರ್ಯಾಕ್ಟರ್ ಬಂದು ಹೊಲದಲ್ಲಿ ಕೈಗಳ ಅಗತ್ಯ ತಗ್ಗಿದಾಗ, ಜನ ಹೊರಟರು. ಎತ್ತರದ ಹುಲ್ಲುನೆಲದಲ್ಲಂತೂ ದನ ಮೇಯಿಸಲು ಮೊದಲಿನಿಂದಲೂ ಹೆಚ್ಚು ಜನ ಬೇಕಿರಲಿಲ್ಲ. ಮೇ ತಿಂಗಳ ಹೊತ್ತಿಗೆ ಬಂದು ಬೇಸಿಗೆ ಮುಗಿಯುವ ಮುನ್ನ ಹೋಗುವ ದನಗಳ ಒಡೆಯರಲ್ಲಿ ಅನೇಕರು ಕೌಂಟಿಯ ನಿವಾಸಿಗಳೇ ಅಲ್ಲ.

ಕೇವಲ ಮೊತ್ತಗಳಿಂದ ತೃಪ್ತರಾಗದವರು ಮನೆಮನೆಯ ಗಣತಿ ಪಟ್ಟಿಗಳಿಗೆ ಹೋಗಬೇಕು. 72 ವರ್ಷ ಕಳೆದ ಬಳಿಕವೇ ಅವು ಬಹಿರಂಗವಾಗುವುದರಿಂದ 2022ರಲ್ಲಿ ತೆರೆದ 1950ರ ಪಟ್ಟಿಯೇ ಸದ್ಯಕ್ಕೆ ಕೊನೆಯದು. 1890ರ ಪಟ್ಟಿಗಳು 1921ರ ಬೆಂಕಿಯ ಅನಾಹುತದಲ್ಲಿ ಬಹುತೇಕ ನಾಶವಾದವು, ಜನಸಂಖ್ಯೆ ಶಿಖರದ ಸಮೀಪವಿದ್ದ ಕಾಲದ ವಿವರವೇ ಹೀಗೆ ಕೈತಪ್ಪಿದೆ. ಅದೃಷ್ಟಕ್ಕೆ ಕ್ಯಾನ್ಸಸ್ ರಾಜ್ಯ 1925ರವರೆಗೆ ಐದರಲ್ಲಿ ಕೊನೆಗೊಳ್ಳುವ ವರ್ಷಗಳಲ್ಲಿ ತನ್ನದೇ ಗಣತಿ ನಡೆಸುತ್ತಿತ್ತು. 1885 ಮತ್ತು 1895ರ ಪಟ್ಟಿಗಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಹುಟ್ಟಿದ ಸ್ಥಳದ ಜೊತೆಗೆ ಕ್ಯಾನ್ಸಸ್‌ಗೆ ಯಾವ ರಾಜ್ಯದಿಂದ ಅಥವಾ ದೇಶದಿಂದ ಬಂದಿರಿ ಎಂಬ ಪ್ರಶ್ನೆಯೂ ಅವುಗಳಲ್ಲಿದೆ. ಒಹಾಯೊದಲ್ಲಿ ಹುಟ್ಟಿ, ಇಲಿನಾಯ್‌ನಲ್ಲಿ ಕೆಲವು ವರ್ಷ ಕಳೆದು, ಆಮೇಲೆ ಇಲ್ಲಿಗೆ ಬಂದ ಕುಟುಂಬದ ಹಾದಿ ಫೆಡರಲ್ ಗಣತಿಗಿಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಂಕಿಗಳ ಜೊತೆಗೆ ಮುಚ್ಚಿದ ಶಾಲೆಗಳನ್ನೂ ಅಳಿದ ಊರುಗಳನ್ನೂ ನಕ್ಷೆಯಲ್ಲಿ ಗುರುತಿಸಿ. ಜೋನ್ಸ್ ರ‍್ಯಾಂಚಿನ ಬಳಿಯ ಲೋವರ್ ಫಾಕ್ಸ್ ಕ್ರೀಕ್ ಶಾಲೆ 1880ರ ದಶಕದ ಒಂದೇ ಕೋಣೆಯ ಕಲ್ಲುಕಟ್ಟಡ. 1930ರಲ್ಲಿ ಅದು ಮುಚ್ಚಿತು. ನದಿಬಯಲಿನ ಸ್ಯಾಫರ್ಡ್‌ವಿಲ್ ಪದೇ ಪದೇ ಪ್ರವಾಹಕ್ಕೆ ಸಿಕ್ಕಿ 1951ರ ಮಹಾಪೂರದ ನಂತರ ಬರಿದಾಯಿತು. ಒಳ್ಳೆಯ ಮಣ್ಣಿರುವಲ್ಲೇ ನೆರೆಯೂ ಬರುತ್ತದೆ ಎಂಬ ನದಿಬಯಲಿನ ಇಕ್ಕಟ್ಟು ಅದರಲ್ಲಿದೆ.

ಇತ್ತೀಚಿನ ಅಂಕಿಗಳನ್ನು ಬಳಸುವಾಗ ಸಣ್ಣ ಕೌಂಟಿಗಳಿಗೆ ವಿಶೇಷವಾದ ಎರಡು ತೊಡಕುಗಳಿವೆ. ಗಣತಿಯಲ್ಲಿ ಬಂಧಿತರನ್ನು ಅವರ ಊರಿನಲ್ಲಲ್ಲದೆ ಇರಿಸಿರುವ ಸ್ಥಳದಲ್ಲೇ ಎಣಿಸುತ್ತಾರೆ. ಕಾಟನ್‌ವುಡ್ ಫಾಲ್ಸ್‌ನ ಕೌಂಟಿ ಜೈಲಿನಲ್ಲಿ ವಲಸೆ ಇಲಾಖೆಯ ಬಂಧಿತರನ್ನೂ ಇರಿಸಿಕೊಳ್ಳುವುದರಿಂದ ಭಾಷೆ, ಜನಾಂಗ, ಪುರುಷರ ಪ್ರಮಾಣದ ಅಂಕಿಗಳಲ್ಲಿ ಏರುಪೇರು ಕಂಡರೆ ಅವಸರದ ತೀರ್ಮಾನಕ್ಕೆ ಬರಬಾರದು. 2020ರ ಗಣತಿಯಲ್ಲಂತೂ ವ್ಯಕ್ತಿಗಳ ಗೋಪ್ಯತೆ ಕಾಯಲು ಸಣ್ಣ ಪ್ರದೇಶಗಳ ಅಂಕಿಗಳನ್ನು ಉದ್ದೇಶಪೂರ್ವಕವಾಗಿ ಸ್ವಲ್ಪ ಕದಲಿಸಲಾಗಿದೆ. ರಾಜ್ಯದ ಮೊತ್ತಗಳು ಯಥಾವತ್ತಾಗಿವೆ, ಹಳ್ಳಿಯ ಮಟ್ಟದ ವಯಸ್ಸಿನ ಪಟ್ಟಿಗಳು ಅಂದಾಜು ಎಂದೇ ಭಾವಿಸಿ.

ಕೊನೆಗೆ ಸಾಂದ್ರತೆಯ ಲೆಕ್ಕ. ಚೇಸ್ ಕೌಂಟಿಯ ನೆಲ ಸುಮಾರು 773 ಚದರ ಮೈಲಿ, ಅಂದರೆ ಸುಮಾರು 2,000 ಚದರ ಕಿಲೋಮೀಟರ್. ಚದರ ಮೈಲಿಗೆ 1890ರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿದ್ದರು, 2020ರಲ್ಲಿ ಮೂರು ಚಿಲ್ಲರೆ. 1890ರ ಗಣತಿಯ ಅಧಿಕಾರಿಗಳು ಚದರ ಮೈಲಿಗೆ ಎರಡಕ್ಕಿಂತ ಕಡಿಮೆ ಜನರಿದ್ದ ನೆಲವನ್ನು ನೆಲೆಯಾಗದ ನೆಲವೆಂದೂ, ಎರಡರಿಂದ ಆರರವರೆಗೆ ಇದ್ದುದನ್ನು ನೆಲೆಗೊಂಡ ಪ್ರದೇಶಗಳಲ್ಲೇ ಅತ್ಯಂತ ವಿರಳವಾದ ವರ್ಗವೆಂದೂ ಪರಿಗಣಿಸಿದ್ದರು. ಆ ಅಳತೆಯಲ್ಲಿ ಕೌಂಟಿ ಇಂದು ಆ ವಿರಳ ವರ್ಗಕ್ಕೆ ಇಳಿದಿದೆ. ಈ ಅಂಕಿಯನ್ನು ಬರೆಯುವಾಗ ಪೂರ್ವಕ್ಕಿರುವ ಲಯನ್ ಕೌಂಟಿಯ ಚಿತ್ರವನ್ನೂ ಪಕ್ಕದಲ್ಲಿಡಿ: ವಿಶ್ವವಿದ್ಯಾಲಯವಿರುವ, ಹಿಂದೆ ಮಾಂಸ ಸಂಸ್ಕರಣೆಯ ಉದ್ಯಮವೂ ಬೆಳೆದಿದ್ದ ಅಲ್ಲಿನ ಎಂಪೋರಿಯಾ ನಗರವೊಂದರಲ್ಲೇ ಸುಮಾರು 24,000 ಜನರಿದ್ದಾರೆ.