ಸಾಫ್ಟ್‌ವೇರಿನ ಹಳೇ ಕೋಡು ಬದಲಾಯಿಸಬೇಕಾ? ಅಂಗಡಿ ಬಾಗಿಲು ಹಾಕದೆ ಹೀಗೆ ಮಾಡಿ

ಪ್ರತಿ ಟೀಮಿನಲ್ಲೂ ಯಾರೂ ಮುಟ್ಟಲು ಇಷ್ಟಪಡದ ಒಂದು ಫೈಲ್ ಇರುತ್ತದೆ. ನಮ್ಮಲ್ಲಿ ಅದು ಬಿಲ್ ಲೆಕ್ಕ ಹಾಕುವ ಫೈಲ್. ನಾಲ್ಕು ಸಾವಿರ ಸಾಲು, ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಯಿತು, ತೆರಿಗೆ ದರ ಹನ್ನೊಂದು ಕಡೆ ಅಂಕಿಯಲ್ಲೇ ಬರೆದಿಟ್ಟಿದ್ದರು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಹತ್ತು ಕಡೆ ತಿದ್ದಿದೆವು. ಹನ್ನೊಂದನೆಯದನ್ನು ಗ್ರಾಹಕರೊಬ್ಬರು ಫೋನ್ ಮಾಡಿ ತೋರಿಸಿಕೊಟ್ಟರು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇದನ್ನೆಲ್ಲ ಬಿಸಾಕಿ ಹೊಸದಾಗಿ ಬರೆಯೋಣ. ದಯವಿಟ್ಟು ಬೇಡ. ನೆಟ್‌ಸ್ಕೇಪ್ ಬ್ರೌಸರ್‌ನವರು 1998ರಲ್ಲಿ ಇದೇ ದಾರಿ ಹಿಡಿದರು. 5ನೇ ಆವೃತ್ತಿ ಬರಲೇ ಇಲ್ಲ, 6ನೆಯದು ಬಂದದ್ದು 2000ದ ನವೆಂಬರ್‌ನಲ್ಲಿ, ಅಷ್ಟರೊಳಗೆ ಮೈಕ್ರೋಸಾಫ್ಟ್ ಜಾಗ ಹಿಡಿದಾಗಿತ್ತು.

ಬೇರೆ ದಾರಿ ಇದೆ. ಹಳೇ ಮರದ ಕವಲಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಆಲವೋ ಅರಳಿಯೋ ಮೊಳೆಯುವುದನ್ನು ನೋಡಿರುತ್ತೀರಿ ಅಲ್ವಾ? ಬೇರು ಕೆಳಗಿಳಿದು, ನಿಧಾನಕ್ಕೆ ಹಳೇ ಮರವನ್ನು ಸುತ್ತಿ, ಕೊನೆಗೆ ಅದರ ಜಾಗದಲ್ಲಿ ತಾನೇ ನಿಲ್ಲುತ್ತದೆ. ಸಾಫ್ಟ್‌ವೇರ್ ಬಗ್ಗೆ ಪುಸ್ತಕ ಬರೆದಿರುವ ಮಾರ್ಟಿನ್ ಫೌಲರ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಲ್ಲಿ ಇಂಥ ಮರಗಳನ್ನು ನೋಡಿ ಬಂದು, ಹಳೇ ಕೋಡನ್ನು ಹೀಗೇ ತುಂಡು ತುಂಡಾಗಿ ಬದಲಾಯಿಸುವ ವಿಧಾನಕ್ಕೆ 2004ರಲ್ಲಿ ಅವುಗಳ ಹೆಸರನ್ನೇ ಇಟ್ಟರು: ಸ್ಟ್ರ್ಯಾಂಗ್ಲರ್ ಫಿಗ್. ನಾವು ಮಾಡಿದ್ದೂ ಅದನ್ನೇ.

ಮೊದಲು ಒಂದು ತುಂಡು ಆರಿಸಿ. ಇಡೀ ಬಿಲ್ಲಿಂಗ್ ಅಲ್ಲ, ತೆರಿಗೆ ಲೆಕ್ಕ ಮಾತ್ರ. ಆ ಕೋಡನ್ನು ಯಾರ್ಯಾರು ಬಳಸುತ್ತಾರೆ ಅಂತ ಹುಡುಕಿ ಪಟ್ಟಿ ಮಾಡಿ. ರಾತ್ರಿ ಓಡುವ ರಿಪೋರ್ಟು, ಅಕೌಂಟ್ಸ್‌ನವರ ಎಕ್ಸೆಲ್ ಡೌನ್‌ಲೋಡು, ಇವೆಲ್ಲ ಮರೆತು ಹೋಗುವ ಜಾತಿ. ಈ ತುಂಡನ್ನೇ ಯಾಕೆ ಆರಿಸಿದಿರಿ, ಯಾವ ದಾರಿ ಬಿಟ್ಟಿರಿ ಅಂತ ಒಂದು ಪುಟ ಬರೆದು ಕೋಡಿನ ಜೊತೆಗೇ ಇಡಿ. ಆರು ತಿಂಗಳ ನಂತರ ಸೇರುವ ಹುಡುಗಿ ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.

ಆಮೇಲೆ ಹಳೇ ಕೋಡು ಈಗ ಏನು ಮಾಡುತ್ತಿದೆಯೋ ಅದನ್ನು ಹಾಗೇ ಹಿಡಿದಿಡಿ. ಏನು ಮಾಡಬೇಕಿತ್ತು ಅನ್ನುವ ಚರ್ಚೆ ಆಮೇಲೆ. ಕಳೆದ ತಿಂಗಳ ಐನೂರು ಬಿಲ್ ತೆಗೆದುಕೊಳ್ಳಿ, ಹೆಸರು, ಫೋನ್ ನಂಬರ್ ಅಳಿಸಿ, ಹಳೇ ಕೋಡಿಗೆ ಕೊಟ್ಟು ಬಂದ ಉತ್ತರವನ್ನು ಫೈಲಲ್ಲಿ ಉಳಿಸಿ. ಇದೇ ನಿಮ್ಮ ಟೆಸ್ಟು. ತಪ್ಪು ಕಂಡರೂ ಈಗಲೇ ತಿದ್ದಬೇಡಿ, ಗುರುತು ಹಾಕಿಕೊಳ್ಳಿ ಸಾಕು.

ಮೂರನೆಯದು ಬಾಗಿಲು ಇಡುವುದು. ಹತ್ತು ಕಡೆಯಿಂದ ನೇರವಾಗಿ ಒಳಗೆ ನುಗ್ಗುತ್ತಿದ್ದವರೆಲ್ಲ ಇನ್ನು ಒಂದೇ ಫಂಕ್ಷನ್ (ಒಂದು ಕೆಲಸಕ್ಕೆಂದೇ ಹೆಸರಿಟ್ಟ ಕೋಡಿನ ತುಂಡು) ಮೂಲಕ ಬರಬೇಕು. ಒಳಗೆ ಹಳೇ ಕೋಡೇ ಓಡಲಿ, ಪರವಾಗಿಲ್ಲ. ದಿನಕ್ಕೊಂದು ಚಿಕ್ಕ ಬದಲಾವಣೆ ಮಾಡಿ, ಅವತ್ತೇ ಮುಖ್ಯ ಕೋಡಿಗೆ ಸೇರಿಸಿ. ಎರಡು ಸಾವಿರ ಸಾಲಿನ ಬದಲಾವಣೆ ಕಳಿಸಿದರೆ ರಿವ್ಯೂ ಮಾಡುವವರು ಮೇಲೆ ಮೇಲೆ ನೋಡಿ ಸುಮ್ನೆ ಒಪ್ಪಿಗೆ ಒತ್ತುತ್ತಾರೆ. ನಾನೂ ಒತ್ತಿದ್ದೇನೆ.

ಈಗ ಹೊಸ ಕೋಡು ಬರೆಯಿರಿ, ಆದರೆ ಅದರ ಉತ್ತರವನ್ನು ಗ್ರಾಹಕರಿಗೆ ಕೊಡಬೇಡಿ. ಎರಡನ್ನೂ ಒಟ್ಟಿಗೆ ಓಡಿಸಿ. ಹಳೆಯದರ ಉತ್ತರ ಬಿಲ್ಲಿಗೆ, ಹೊಸದರದ್ದು ಲಾಗಿಗೆ (ನಾವು ಮಾತ್ರ ನೋಡುವ ದಾಖಲೆ ಫೈಲು), ಎರಡೂ ಹೊಂದದಿದ್ದರೆ ಎಚ್ಚರಿಕೆ ಬರಲಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಕಲಿಸುವ ಹಂತ ಇದು. ನಮಗೆ ಮೊದಲ ದಿನವೇ ಒಂದೊಂದು ಪೈಸೆಯ ವ್ಯತ್ಯಾಸಗಳು ರಾಶಿ ಬಿದ್ದವು. 10.25 ರೂಪಾಯಿಯ ಮೂರು ಸಾಮಾನು ಅಂದುಕೊಳ್ಳಿ, ತೆರಿಗೆ ಶೇ 18. ಒಂದೊಂದಕ್ಕೆ 1.845, ಅದನ್ನು 1.85 ಅಂತ ಮೇಲಕ್ಕೆತ್ತಿ ಮೂರು ಸಲ ಕೂಡಿದರೆ 5.55. ಒಟ್ಟು 30.75ಕ್ಕೆ ಒಂದೇ ಸಲ ಲೆಕ್ಕ ಹಾಕಿದರೆ 5.535, ಅಂದರೆ 5.54. ಹಳೇ ಕೋಡು ಸಾಲು ಸಾಲಿಗೆ ಲೆಕ್ಕ ಹಾಕುತ್ತಿತ್ತು, ನಾವು ಜಾಣರ ಹಾಗೆ ಕೊನೆಯಲ್ಲಿ ಹಾಕಿದ್ದೆವು. ಯಾವುದು ಸರಿ ಅಂತ ನಾವೇ ತೀರ್ಮಾನ ಮಾಡದೆ ಅಕೌಂಟ್ಸ್‌ನವರ ಮುಂದೆ ಇಟ್ಟೆವು. ಅವರು ನಕ್ಕು, ಮೊದಲಿಂದ ಹೇಗಿದೆಯೋ ಹಾಗೇ ಇರಲಿ ಅಂದರು. ಅಂದಹಾಗೆ, ದುಡ್ಡನ್ನು ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೀತಿ) ಇಡಲೇಬೇಡಿ. ಪೈಸೆಯ ಪೂರ್ಣಾಂಕದಲ್ಲೋ ಡೆಸಿಮಲ್ ಟೈಪಿನಲ್ಲೋ ಇಡಿ. ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ.

ಒಂದು ಎಚ್ಚರ. ಬರೀ ಲೆಕ್ಕ ಹಾಕುವ ಕೋಡನ್ನು ಎರಡು ಸಲ ಓಡಿಸಬಹುದು. ಎಸ್‌ಎಂಎಸ್ ಕಳಿಸುವ, ಯುಪಿಐನಲ್ಲಿ ದುಡ್ಡು ಕೇಳುವ ಕೋಡನ್ನು ಹೀಗೆ ಓಡಿಸಿದರೆ ಮೆಸೇಜೂ ಎರಡು, ಬೈಗುಳವೂ ಎರಡು.

ವ್ಯತ್ಯಾಸ ನಿಂತು ಎರಡು ವಾರ ಆದ ಮೇಲೆ, ತಿಂಗಳ ಕೊನೆಯ ಗಲಾಟೆಯನ್ನೂ ಒಂದು ಸಲ ದಾಟಿದ ಮೇಲೆ, ಹೊಸ ಕೋಡಿನ ಕಡೆಗೆ ತಿರುಗಿಸಿ. ಮೊದಲು ಶೇ 1ರಷ್ಟು ಗ್ರಾಹಕರು, ಆಮೇಲೆ 10, ಆಮೇಲೆ 50. ಯಾರು ಯಾವ ಕಡೆ ಅನ್ನುವುದನ್ನು ಗ್ರಾಹಕರ ಐಡಿಯಿಂದ ನಿರ್ಧರಿಸಿ. ಪ್ರತಿ ಸಲ ಚೀಟಿ ಎತ್ತಿದ ಹಾಗೆ ಆರಿಸಿದರೆ ಒಬ್ಬರಿಗೇ ಬೆಳಿಗ್ಗೆ ಹಳೇ ಬಿಲ್ಲು, ಸಂಜೆ ಹೊಸ ಬಿಲ್ಲು ಸಿಗುತ್ತದೆ. ಹಳೇ ಕೋಡಿಗೆ ವಾಪಸ್ ಹೋಗುವುದನ್ನೂ ಹಗಲು ಹೊತ್ತಲ್ಲಿ, ಎಲ್ಲರೂ ಆಫೀಸಿನಲ್ಲಿ ಇರುವಾಗ ಒಂದು ಸಲ ಮಾಡಿ ನೋಡಿ. ಶುಕ್ರವಾರ ಸಂಜೆ ಬೇಡ.

ಡೇಟಾಬೇಸ್‌ನಲ್ಲಿ ಕಾಲಂ ಬದಲಾಗಬೇಕಿದ್ದರೆ ಒಂದೇ ಏಟಿಗೆ ಹೆಸರು ಬದಲಾಯಿಸಬೇಡಿ. ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯಿರಿ, ಹಳೇ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಸಿ, ಓದುವುದನ್ನು ಹೊಸದಕ್ಕೆ ತಿರುಗಿಸಿ, ಹಳೆಯದನ್ನು ಕೊನೆಗೆ ತೆಗೆಯಿರಿ. ಇದಕ್ಕೆ ನಾಲ್ಕೈದು ರಿಲೀಸ್ ಬೇಕು. ಬೇಜಾರಿನ ಕೆಲಸ, ಹೌದು.

ಕೊನೆಯದು ಅಳಿಸುವುದು, ಮತ್ತು ಜಾಸ್ತಿ ಟೀಮುಗಳು ಕೈ ಬಿಡುವುದು ಇಲ್ಲೇ. ನೂರಕ್ಕೆ ನೂರು ಹೊಸ ಕೋಡು ಓಡುತ್ತಿದೆ, ಹಳೆಯದು ಸತ್ತು ಬಿದ್ದಿದೆ, ಇರಲಿ ಬಿಡು ಅಂತ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪನಿಯಲ್ಲಿ 2003ರಿಂದ ಬಳಸದ ಪವರ್ ಪೆಗ್ ಎಂಬ ಕೋಡು ಹೀಗೇ ಬಿದ್ದಿತ್ತು. ಅದನ್ನು ಎಬ್ಬಿಸುತ್ತಿದ್ದ ಫ್ಲ್ಯಾಗನ್ನೇ (ಕೋಡನ್ನು ಆನ್, ಆಫ್ ಮಾಡುವ ಸ್ವಿಚ್ಚು) ಇನ್ನೊಂದು ಹೊಸ ಕೆಲಸಕ್ಕೆ ಬಳಸಿಕೊಂಡರು. ಹೊಸ ಕೋಡು ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೋಯಿತು, ಒಂದಕ್ಕೆ ಹಾಕುವುದು ಮರೆತುಹೋಯಿತು. 2012ರ ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಎಂಟನೆಯ ಸರ್ವರ್‌ನಲ್ಲಿ ಹಳೆಯದು ಎದ್ದು ಕೂತಿತು. ಗಾಬರಿಯಲ್ಲಿ ಅವರು ಏಳು ಸರ್ವರ್‌ಗಳಿಂದ ಹೊಸ ಕೋಡನ್ನೇ ತೆಗೆದರು, ಈಗ ಎಂಟರಲ್ಲೂ ಹಳೆಯದು! ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು.

ನಾವು ಫ್ಲ್ಯಾಗ್ ಹಾಕಿದ ದಿನವೇ ಅದನ್ನು ತೆಗೆಯುವ ಟಿಕೆಟನ್ನೂ (ಕೆಲಸದ ಚೀಟಿ) ತೆರೆಯುತ್ತೇವೆ, ತಾರೀಖು ಮತ್ತು ಒಬ್ಬರ ಹೆಸರಿನ ಜೊತೆ. ತೆರಿಗೆ ತುಂಡಿನ ಟಿಕೆಟ್ ನನ್ನ ಹೆಸರಲ್ಲಿತ್ತು. ಎರಡು ಸಲ ಮುಂದೂಡಿ, ಮೂರನೆಯ ಸಲ ಆರುನೂರು ಸಾಲು ಅಳಿಸಿದೆ. ಇನ್ನು ಮೂರು ಸಾವಿರದ ನಾನೂರು ಇವೆ, ಮುಂದಿನ ತುಂಡು ರಿಯಾಯಿತಿ ಲೆಕ್ಕ.