ನೀರು ಬರುವ ದಿನದಿಂದ ಹಿಂದಕ್ಕೆ ಎಣಿಸಿದ ಯೋಜನೆ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆಯನ್ನು ಹಾದು ರಾಯಚೂರು ಜಿಲ್ಲೆಗೆ ಬರುತ್ತದೆ. ಅದರ ಉದ್ದ 227 ಕಿಲೋಮೀಟರ್. ಸಿಂಧನೂರು ಭಾಗದ ಒಂದು ವಿತರಣಾ ಕಾಲುವೆಯಲ್ಲಿ 3,200 ಮೀಟರ್ ಉದ್ದಕ್ಕೆ ಹೊಸದಾಗಿ ಕಾಂಕ್ರೀಟ್ ಲೈನಿಂಗ್ (ಒಳಮೈಗೆ ಹೊದಿಕೆ) ಹಾಕುವ ಕಾಮಗಾರಿಗೆ ನಾನು ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್ ಆಗಿದ್ದೆ. ಇಂಥ ಕೆಲಸಕ್ಕೆ ಸಿಗುವುದು ಕಾಲುವೆ ಬಂದ್ ಆಗಿರುವ ಬೇಸಿಗೆಯ ದಿನಗಳು ಮಾತ್ರ. ಜಲಾಶಯಕ್ಕೆ ಒಳಹರಿವು ಬಂದು, ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿ ನೀರು ಬಿಟ್ಟರೆಂದರೆ ನಮ್ಮ ಕೆಲಸ ಎಲ್ಲಿದೆಯೋ ಅಲ್ಲಿಗೆ ನಿಲ್ಲಬೇಕು. ಕೆಳಗಿನ ರೈತರು ಸಸಿಮಡಿಗೆ ನೀರು ಕಾಯುತ್ತಿರುವಾಗ ಇನ್ನೊಂದು ವಾರ ಕೊಡಿ ಎಂದು ಕೇಳುವ ಹಕ್ಕು ಎಂಜಿನಿಯರಿಗೆ ಇರುವುದಿಲ್ಲ.

ಅದಕ್ಕೆ ಹಿಂದಿನ ವರ್ಷ ಬೇರೊಂದು ಕಾಲುವೆಯಲ್ಲಿ ನಾನು ಸೋತಿದ್ದೆ. ಕಾಲೇಜಿನಲ್ಲಿ ಕಲಿತಂತೆ ಯಾವ ಕೆಲಸ ಯಾವ ದಿನ ಎಂದು ತೋರಿಸುವ ಬಾರ್ ಚಾರ್ಟ್ ಬರೆದಿದ್ದೆ, 1957ರ ಹೊತ್ತಿಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ, ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ತೋರಿಸುವ ಕ್ರಿಟಿಕಲ್ ಪಾತ್ ಲೆಕ್ಕವನ್ನೂ ತಪ್ಪಿಲ್ಲದೆ ಮಾಡಿದ್ದೆ. ಲೆಕ್ಕ ಸರಿಯಿತ್ತು, ಆದರೆ ಲೆಕ್ಕಕ್ಕೆ ಹಾಕಿದ ದಿನಗಳು ಸುಳ್ಳಾಗಿದ್ದವು. ಕಾಲುವೆ ಬಂದ್ ಆದ ಮರುದಿನವೇ ಹೂಳೆತ್ತುವ ಕೆಲಸ ಶುರು ಎಂದು ಬರೆದಿದ್ದೆ. ಆ ದಿನ ಇಳಿಸಿದ ಜೆಸಿಬಿ ಸಂಜೆಯೊಳಗೆ ಎರೆ ಮಣ್ಣಿನಲ್ಲಿ ಹೂತು ನಿಂತಿತು. ಏರಿಯ ಮೇಲೆ ನಿಂತು ನೋಡುತ್ತಿದ್ದ, ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಕೆಳಗಿಳಿದು ಬಂದು, ಕೈಯಲ್ಲಿದ್ದ ಕೋಲನ್ನು ಕಾಲುವೆಯ ತಳಕ್ಕೆ ಒತ್ತಿ ಎಳೆದರು. ಮೊಳದುದ್ದ ಕಪ್ಪು ಕೆಸರು ಹತ್ತಿಕೊಂಡು ಬಂತು. ‘ಮ್ಯಾಲಿನ ಗದ್ದಿ ಇನ್ನಾ ಹಸಿ ಅದಾವ್ರಿ ಸಾಹೇಬ್ರ. ಕಾಲುವಿ ಬಂದ್ ಮಾಡಿದ್ರ ಬಸಿ ನೀರು ಬಂದ್ ಆಗಂಗಿಲ್ರಿ. ಹದಿನೈದು, ಇಪ್ಪತ್ತು ದಿನ ಬೇಕ್ರಿ’ ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ನೀವು ಕೇಳ್ಲಿಲ್ರಿ’ ಎಂದರು. ಆ ಉತ್ತರದಲ್ಲಿ ದೂರು ಇರಲಿಲ್ಲ, ಅದು ಇದ್ದ ಸಂಗತಿ.

ಆ ವರ್ಷದ ಎರಡನೆಯ ತಪ್ಪು ಕೆಲಸವನ್ನು ವಿಂಗಡಿಸಿದ ರೀತಿಯಲ್ಲಿತ್ತು. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದ್ದರಿಂದ ನಡುವೆ ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವನ್ನು ಹಾಸಿ, ತೇವ ನೋಡಿಕೊಂಡು ದಮ್ಮಸು ಮಾಡುತ್ತಾರೆ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಸಂಶೋಧನೆಯಿಂದ ಬಂದ ವಿಧಾನವಿದು. ಯಂತ್ರದ ಬಾಡಿಗೆ ಉಳಿಯುತ್ತದೆ ಎಂದು ನಾನು ಇಡೀ ಉದ್ದಕ್ಕೆ ಮೊದಲು ಹೂಳು ತೆಗೆಸಿ, ಇಡೀ ಉದ್ದಕ್ಕೆ ಈ ಮಣ್ಣು ಹಾಸಿಸಿ, ಕಾಂಕ್ರೀಟನ್ನು ಕೊನೆಗೆ ಇಟ್ಟುಕೊಂಡಿದ್ದೆ. ನೀರು ಬಂದಾಗ 600 ಮೀಟರ್ ಮೈಬಿಚ್ಚಿಕೊಂಡೇ ಇತ್ತು. ಹಾಸಿದ ಮಣ್ಣೆಲ್ಲ ಕೊಚ್ಚಿಹೋಗಿ ಕೆಳಗಿನ ತೂಬುಗಳಿಗೆ ಅಡರಿಕೊಂಡಿತು, ಅದನ್ನು ರೈತರೇ ಸಲಿಕೆ ಹಿಡಿದು ತೆಗೆದರು. ಅದನ್ನು ನೋಡಿದ ನೋವು ನನಗೆ ಇಂದಿಗೂ ಇದೆ.

ಸಿಂಧನೂರಿನ ಕೆಲಸಕ್ಕೆ ನಾನು ಯೋಜನೆಯನ್ನು ಕೊನೆಯಿಂದ ಬರೆದೆ. ಜುಲೈ 15ಕ್ಕೆ ನೀರು ಬರುತ್ತದೆ ಎಂದು ಹಿಡಿದೆ. ಬಿಸಿ, ಒಣ ಹವೆಯಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒಣಗದಂತೆ ತೇವವಾಗಿಡುವುದು, ಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಅದಕ್ಕೆ ಜಾಯಿಂಟ್ ತುಂಬಿ ಕಾಲುವೆ ಸ್ವಚ್ಛ ಮಾಡಲು ಮೂರು ದಿನ, ಅನಿರೀಕ್ಷಿತಕ್ಕೆಂದು ಒಂದು ವಾರ ಸೇರಿಸಿದರೆ ಕೊನೆಯ ಕಾಂಕ್ರೀಟ್ ಜೂನ್ 25ಕ್ಕೆ ಮುಗಿಯಬೇಕು. ಈ ಸಲ ಗ್ಯಾಂಗ್‌ಮನ್ ಅವರನ್ನು ಮೊದಲೇ ಕೇಳಿದ್ದೆ, ಮೇ 5ರ ಮೊದಲು ತಳ ಒಣಗುವುದಿಲ್ಲ ಎಂದಿದ್ದರು. ಮೇಸ್ತ್ರಿಯನ್ನು ಕೇಳಿದಾಗ ಇನ್ನೊಂದು ಸಂಗತಿ ತಿಳಿಯಿತು: ಅವರ ಆಳುಗಳೆಲ್ಲ ಲಿಂಗಸುಗೂರು, ಕುಷ್ಟಗಿ ಕಡೆಯ ಮಳೆಯಾಶ್ರಿತ ಹೊಲಗಳವರು, ಮೃಗಶಿರಾ ಮಳೆ ಹಿಡಿದರೆ ಬಿತ್ತನೆಗೆ, ಅದರ ಹಿಂದೆಯೇ ಕಾರ ಹುಣ್ಣಿಮೆಗೆ ಊರಿಗೆ ಹೋಗುತ್ತಾರೆ, ಅರ್ಧ ಜನ ಮಾತ್ರ ಉಳಿಯುತ್ತಾರೆ. ನನ್ನ ಹಳೆಯ ಚಾರ್ಟ್‌ನಲ್ಲಿ ಭಾನುವಾರಗಳಿದ್ದವು, ಮೃಗಶಿರಾ ಇರಲಿಲ್ಲ.

ಆಳುಗಳ ಪೂರ್ಣ ಗ್ಯಾಂಗ್ ದಿನಕ್ಕೆ 50 ಮೀಟರ್, ಅರ್ಧ ಗ್ಯಾಂಗ್ 25 ಮೀಟರ್ ಮಾಡುತ್ತದೆ. ಮೇ 5ರಿಂದ ಜೂನ್ 7ರವರೆಗೆ ಪೂರ್ಣ, ಅಲ್ಲಿಂದ 25ರವರೆಗೆ ಅರ್ಧ ಎಂದು ಲೆಕ್ಕ ಹಾಕಿ ರಜೆಗಳನ್ನು ಕಳೆದರೆ ನಿಂತದ್ದು 2,000 ಮೀಟರ್. ಒಪ್ಪಂದವಾದದ್ದು 3,200. ಈ ಅಂತರವನ್ನು ಏಪ್ರಿಲ್‌ನಲ್ಲೇ ಹೇಳುವುದು ನನಗೆ ಕಾಂಕ್ರೀಟ್ ಕೆಲಸಕ್ಕಿಂತ ಕಷ್ಟವಾಯಿತು. ನನ್ನ ಮಾಲೀಕರಾದ ಗುತ್ತಿಗೆದಾರರು ಮೊದಲು ಸಿಟ್ಟಾದರು. ನಾನು ಒಂದೇ ಹಾಳೆಯಲ್ಲಿ ದಿನಗಳ ಲೆಕ್ಕವನ್ನೂ, ಎರಡನೆಯ ಗ್ಯಾಂಗ್ ತಂದರೆ ಆಗುವ ಖರ್ಚನ್ನೂ, ಕ್ಯೂರಿಂಗ್ ಕಡಿತ ಮಾಡಿದರೆ ಮುಂದಿನ ವರ್ಷ ಒಡೆದು ಮತ್ತೆ ಹಾಕಬೇಕಾಗುವ ಸಾಧ್ಯತೆಯನ್ನೂ ಬರೆದು ಮುಂದಿಟ್ಟೆ. ಎರಡು ದಿನಗಳ ನಂತರ ಅವರೇ ನನ್ನನ್ನು ಕರೆದುಕೊಂಡು ಇಲಾಖೆಯ ಎಂಜಿನಿಯರರ ಬಳಿ ಹೋದರು. ಹೆಚ್ಚು ಒಡೆದುಹೋಗಿದ್ದ 2,000 ಮೀಟರ್ ಈ ಬೇಸಿಗೆಗೆ, ಉಳಿದದ್ದು ಮುಂದಿನ ಬೇಸಿಗೆಗೆ ಎಂದಾಯಿತು. ಉದ್ದವನ್ನು ಕಡಿಮೆ ಮಾಡಬಹುದು, ಕ್ಯೂರಿಂಗ್ ದಿನಗಳನ್ನು ಕಡಿಮೆ ಮಾಡಬಾರದು ಎಂಬ ನಿಲುವಿನಿಂದ ನಾನು ಸರಿಯಲಿಲ್ಲ.

ಕೆಲಸವನ್ನು 200 ಮೀಟರಿನ ಹತ್ತು ತುಂಡುಗಳಾಗಿ ಮಾಡಿ, ಮಣ್ಣು ಹಾಸಿದ ತುಂಡಿಗೆ ಕಾಂಕ್ರೀಟ್ ಬೀಳುವವರೆಗೆ ಮುಂದಿನದಕ್ಕೆ ಹಾಸುವಂತಿಲ್ಲ ಎಂಬ ನಿಯಮ ಮಾಡಿದೆ. ಯಂತ್ರದ ಬಾಡಿಗೆ ಹೆಚ್ಚಾಯಿತು. ಕುಡಿಯುವ ನೀರಿಗಾಗಿ ಬೇಸಿಗೆಯ ನಡುವೆ ಕಾಲುವೆಗೆ ನೀರು ಬಿಡುವುದೂ ಇರುವುದರಿಂದ ಆ ಖರ್ಚು ಸರಿಯೆಂದೇ ನನ್ನ ಅಭಿಪ್ರಾಯ. ರಾಯಚೂರಿನ ಮೇ ತಿಂಗಳಲ್ಲಿ ನಡುಹಗಲು ಕಾಂಕ್ರೀಟ್ ಹಾಕಬಾರದು. ಬೆಳಗಿನ ಐದರಿಂದ ಹತ್ತರವರೆಗೆ, ಮತ್ತೆ ಸಂಜೆ ಹಾಕಿ, ಗೋಣಿಚೀಲ ಹೊದಿಸಿ ನೀರು ಹೊಡೆಯುತ್ತಿದ್ದೆವು.

ದಿನವೂ ಸಂಜೆ ಬೇವಿನ ಮರದ ಕೆಳಗೆ ಹತ್ತು ನಿಮಿಷ ಸೇರುತ್ತಿದ್ದೆವು. ಮೊದಲೆಲ್ಲ ನಾನು ‘ಇವತ್ತು ಎಷ್ಟಾಯಿತು?’ ಎಂದು ಕೇಳುತ್ತಿದ್ದೆ, ಎಲ್ಲರೂ ಸ್ವಲ್ಪ ಹೆಚ್ಚಿಸಿ ಹೇಳುತ್ತಿದ್ದರು. ಈ ಸಲ ‘ನಾಳೆ ಕೆಲಸ ನಿಲ್ಲುವಂಥದ್ದು ಏನಿದೆ?’ ಎಂದು ಕೇಳಲು ಆರಂಭಿಸಿದೆ. ಸಿಮೆಂಟ್ ಎರಡೇ ದಿನಕ್ಕಿದೆ, ಮಿಕ್ಸರಿನ ಬೆಲ್ಟ್ ಸವೆದಿದೆ, ಟ್ರ್ಯಾಕ್ಟರ್ ಡ್ರೈವರನ ಮನೆಯಲ್ಲಿ ಮದುವೆ ಇದೆ ಎಂಬ ಮಾತುಗಳು ಒಂದೊಂದಾಗಿ ಬಂದವು.

ಒಂದು ಬೆಳಗ್ಗೆ ನೀರು ಹೊಡೆಯುವ ಹುಡುಗ ತಾನಾಗಿಯೇ ಬಂದು ನಿಂತ. ಹಿಂದಿನ ದಿನ ಪಂಪ್ ಕೆಟ್ಟು, ನಾಲ್ಕನೆಯ ತುಂಡಿನ 12 ಕಾಂಕ್ರೀಟ್ ಹಲಗೆಗಳಿಗೆ ಮಧ್ಯಾಹ್ನದಿಂದ ನೀರು ಬಿದ್ದಿರಲಿಲ್ಲ. ಗೋಣಿಚೀಲ ಎತ್ತಿ ನೋಡಿದೆ. ಕಾಂಕ್ರೀಟ್ ಬೆಳ್ಳಗೆ ಒಣಗಿತ್ತು, ಎರಡು ಹಲಗೆಗಳ ಮೇಲೆ ಕೂದಲಿನಂಥ ಬಿರುಕುಗಳಿದ್ದವು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ, ಏಕೆಂದರೆ ಆಗ ಬೈದಿದ್ದರೆ ಮುಂದೆ ಯಾರೂ ಬಂದು ಹೇಳುತ್ತಿರಲಿಲ್ಲ. ಟ್ಯಾಂಕರ್ ತರಿಸಿ ಹಲಗೆಗಳನ್ನು ನೆನೆಸಿ, ಸುಣ್ಣದಿಂದ ಗುರುತು ಹಾಕಿ, ಇಲಾಖೆಯ ಎಂಜಿನಿಯರರಿಗೆ ನಾನೇ ಫೋನ್ ಮಾಡಿದೆ. ಬಿರುಕು ಬಿಟ್ಟ ಎರಡನ್ನು ಒಡೆದು ಮತ್ತೆ ಹಾಕಿದೆವು, ಉಳಿದ ಹತ್ತನ್ನು ಪರೀಕ್ಷಿಸಿ ಉಳಿಸಿಕೊಂಡೆವು. ಬಾಡಿಗೆಗೆ ಇನ್ನೊಂದು ಪಂಪ್ ತಂದಿಟ್ಟೆ. ಅದು ಮೊದಲ ದಿನದಿಂದಲೇ ಯೋಜನೆಯಲ್ಲಿರಬೇಕಿತ್ತು, ಅದು ನನ್ನ ಲೋಪ.

ಆ ವರ್ಷ ನೀರು ಜುಲೈ ಮೂರನೆಯ ವಾರ ಬಂತು. ಹತ್ತೂ ತುಂಡುಗಳು ಮುಗಿದಿದ್ದವು. ಉಳಿದ 1,200 ಮೀಟರಿನ ಯೋಜನೆ ಬರೆಯುವ ಮೊದಲು, ನವೆಂಬರ್‌ನಲ್ಲಿ, ಕಾಲುವೆ ತುಂಬಿ ಹರಿಯುತ್ತಿರುವಾಗಲೇ ಗ್ಯಾಂಗ್‌ಮನ್ ಜೊತೆ ಏರಿಯ ಮೇಲೆ ನಡೆದೆ. ಒಂದು ಕಡೆ ನಿಂತು ಅವರು ಏರಿಯ ಹೊರಬದಿಯ ಹಸಿರು ಜೊಂಡನ್ನು ಕೋಲಿನಿಂದ ತೋರಿಸಿದರು. ಅಲ್ಲಿ ಒಳಗಿನಿಂದ ನೀರು ಬಸಿಯುತ್ತಿತ್ತು. ನಾನು ಆ ಜಾಗದ ಚೈನೇಜನ್ನು, ಅಂದರೆ ಕಾಲುವೆಯ ಆರಂಭದಿಂದ ಅದಿರುವ ದೂರವನ್ನು, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಂಡೆ.